ಮಾತು ಕಲಿಸುವ ತರಗತಿಯಲ್ಲಿ ಮಾತನಾಡುವವರು ಯಾರು?

ಮಾನ್ಯ ಸಂಪಾದಕರೇ,

ಅಂತಿಮ ವರ್ಷದ ವಿದ್ಯಾರ್ಥಿಗಳು ಕಾಲೇಜು ಬಿಡುವ ಕಾಲ ಹತ್ತಿರವಾದಂತೆ ಮಂಡ್ಯ, ಮೈಸೂರು ಭಾಗದ ಪದವಿ ಕಾಲೇಜುಗಳಲ್ಲಿ ‘ಸಂವಹನ ಕೌಶಲ ಕಾರ್ಯಾಗಾರ’ಗಳ ಸಾಲು ಆರಂಭವಾಗುತ್ತದೆ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಅಧ್ಯಕ್ಷರ ನುಡಿ ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ. ಆಮೇಲೆ ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತ, ಕೈ ಕುಲುಕುವುದು ಹೇಗೆ, ಕುರ್ಚಿಯಲ್ಲಿ ಕೂರುವುದು ಹೇಗೆ, ಎದುರಿಗಿರುವವರ ಮುಖ ನೋಡಿ ಉತ್ತರಿಸುವುದು ಹೇಗೆ ಎಂದು ಎರಡು ಗಂಟೆ ವಿವರಿಸುತ್ತಾರೆ. ಸಭಾಂಗಣದ ತುಂಬ ಕುಳಿತ ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಕೊನೆಯಲ್ಲಿ ಪ್ರಮಾಣಪತ್ರ, ಗುಂಪು ಫೋಟೊ, ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಆ ಇಡೀ ದಿನ ವಿದ್ಯಾರ್ಥಿಗಳ ಪೈಕಿ ಬಾಯಿ ತೆರೆದವರೆಂದರೆ ಪ್ರಾರ್ಥನೆ ಹಾಡಿದ ಹುಡುಗಿ ಮತ್ತು ವಂದನಾರ್ಪಣೆ ಮಾಡಿದ ಹುಡುಗ ಮಾತ್ರ. ಅವರಿಬ್ಬರೂ ವರ್ಷವಿಡೀ ಎಲ್ಲ ಸಮಾರಂಭಗಳಲ್ಲೂ ಅದೇ ಕೆಲಸ ಮಾಡುತ್ತ ಬಂದವರು.

ಬ್ಯಾಂಕ್ ಅಧಿಕಾರಿಯಾಗಿ ನಿವೃತ್ತನಾದ ಮೇಲೆ ಮಂಡ್ಯ ಜಿಲ್ಲೆಯ ಕೆಲವು ಕಾಲೇಜುಗಳು ಅಭ್ಯಾಸಕ್ಕೆಂದು ಏರ್ಪಡಿಸುವ ಅಣಕು ಸಂದರ್ಶನಗಳಲ್ಲಿ ಪ್ರಶ್ನೆ ಕೇಳುವವರ ಸಾಲಿನಲ್ಲಿ ಕೂರುವ ಅವಕಾಶ ನನಗೆ ಆಗಾಗ ಒದಗುತ್ತಿದೆ. ಅಲ್ಲಿ ಕಂಡದ್ದರಿಂದ ನನಗೆ ಖಚಿತವಾಗಿರುವ ಸಂಗತಿ ಇಷ್ಟೇ: ಸಂವಹನವನ್ನು ನಾವು ಪಾಠದ ವಿಷಯವಾಗಿ ಮಾಡಿಕೊಂಡಿದ್ದೇವೆಯೇ ಹೊರತು ಅಭ್ಯಾಸದ ವಿಷಯವಾಗಿ ಮಾಡಿಕೊಂಡಿಲ್ಲ. ಅದನ್ನು ಕುರಿತು ಹೇಳಿಕೊಡುತ್ತೇವೆ, ಬರೆಸುತ್ತೇವೆ, ಪರೀಕ್ಷೆಯನ್ನೂ ಮಾಡುತ್ತೇವೆ. ಆದರೆ ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಎಬ್ಬಿಸಿ ನಿಲ್ಲಿಸಿ, ಮೂರು ನಿಮಿಷ ಮಾತನಾಡಲು ಬಿಟ್ಟು, ಎಲ್ಲಿ ಎಡವಿದೆ ಎಂದು ತಿದ್ದಿ, ಮತ್ತೊಮ್ಮೆ ಮಾತನಾಡಿಸುವ ಕೆಲಸ ಮಾತ್ರ ಯಾರ ವೇಳಾಪಟ್ಟಿಯಲ್ಲೂ ಇಲ್ಲ.

ಇದಕ್ಕೆ ಬಹಳ ದೂರ ಹೋಗಿ ಉದಾಹರಣೆ ಹುಡುಕಬೇಕಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಕಮ್ಯುನಿಕೇಟಿವ್ ಇಂಗ್ಲಿಷ್’ ಎಂಬ ಒಂದು ಕ್ರೆಡಿಟ್‌ನ ವಿಷಯವಿತ್ತು. ಉದ್ದೇಶ ಒಳ್ಳೆಯದೇ. ಆದರೆ ಅದರ ಸೆಮಿಸ್ಟರ್ ಪರೀಕ್ಷೆ ಒಂದು ಗಂಟೆಯದು, 50 ಬಹು ಆಯ್ಕೆ ಪ್ರಶ್ನೆಗಳದು ಆಗಿತ್ತು. ಸಂವಹನದ ಹೆಸರಿನ ವಿಷಯದಲ್ಲಿ ಒಂದು ವಾಕ್ಯವನ್ನೂ ಬರೆಯದೆ, ಒಂದು ಮಾತನ್ನೂ ಆಡದೆ, ವೃತ್ತಗಳಿಗೆ ಮಸಿ ತುಂಬಿಯೇ ಉತ್ತೀರ್ಣನಾಗಬಹುದಿತ್ತು. ಆಂತರಿಕ ಮೌಲ್ಯಮಾಪನದಲ್ಲಿ ಚಟುವಟಿಕೆಗಳಿಗೆ ಅವಕಾಶವಿತ್ತು ಎಂಬುದು ನಿಜ, ಅದನ್ನು ಶ್ರದ್ಧೆಯಿಂದ ನಡೆಸಿದ ಅಧ್ಯಾಪಕರೂ ಇದ್ದಾರೆ; ಆದರೆ ಪರೀಕ್ಷೆಯಲ್ಲಿ ಕೇಳದ ಸಂಗತಿಗೆ ತರಗತಿಯಲ್ಲಿ ಎಷ್ಟು ಸಮಯ ಸಿಕ್ಕೀತೆಂಬುದನ್ನು ಪಾಠ ಮಾಡಿದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇಂಗ್ಲಿಷ್ ಬಾರದ್ದೇ ನಮ್ಮ ಹಳ್ಳಿ ಮಕ್ಕಳ ತೊಡಕೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇದು ಅರ್ಧ ಸತ್ಯ ಮಾತ್ರ ಎಂದು ನನ್ನ ಅಭಿಪ್ರಾಯ. ಒಮ್ಮೆ ಅಣಕು ಸಂದರ್ಶನಕ್ಕೆ ಬಂದಿದ್ದ ಬಿ.ಕಾಂ. ವಿದ್ಯಾರ್ಥಿಯೊಬ್ಬನಿಗೆ ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಬಾಯಿಪಾಠ ಮಾಡಿಕೊಂಡು ಬಂದಿದ್ದ ಇಂಗ್ಲಿಷ್ ವಾಕ್ಯಗಳನ್ನು ಒಪ್ಪಿಸತೊಡಗಿದ. ತಾನು ಶ್ರಮಜೀವಿ, ಬೇಗ ಕಲಿಯುವವನು, ತಂಡದಲ್ಲಿ ಹೊಂದಿಕೊಳ್ಳುವವನು ಎಂಬಲ್ಲಿಗೆ ಬಂದು ಮುಂದಿನ ಸಾಲು ಮರೆತು ನಿಂತ. ಅವನ ಮುಂದಿದ್ದ ಅರ್ಜಿಯಲ್ಲಿ ಊರು ಪಾಂಡವಪುರ ತಾಲ್ಲೂಕಿನದೆಂದು ಇತ್ತು. ಮನೆಯಲ್ಲಿ ಏನು ಬೇಸಾಯ ಎಂದು ಕನ್ನಡದಲ್ಲಿ ಕೇಳಿದೆ. ಕಬ್ಬು ಇದೆ, ಚಿಕ್ಕಪ್ಪನ ಆಲೆಮನೆಯೂ ಇದೆ ಎಂದ. ಬೆಲ್ಲ ಮಾಡುವುದನ್ನು ನೋಡಿಯೇ ಇಲ್ಲದವನಿಗೆ ಹೇಳುವ ಹಾಗೆ ಹೇಳಪ್ಪ ಎಂದೆ. ಆಗ ಆ ಹುಡುಗ ಕೂತ ರೀತಿಯೇ ಬೇರೆಯಾಯಿತು. ಗಾಣದಿಂದ ಬಂದ ಕಬ್ಬಿನ ಹಾಲನ್ನು ಸೋಸಿ ಕೊಪ್ಪರಿಗೆಗೆ ಬಿಡುವುದು, ಉರಿ ಹಾಕುವುದು, ಬೆಂಡೆ ಗಿಡದ ಲೋಳೆ ಬೆರೆಸಿ ಮೇಲೆ ಬಂದ ಮಡ್ಡಿ ತೆಗೆಯುವುದು, ಸುಣ್ಣ ಹೆಚ್ಚಾದರೆ ಬಣ್ಣ ಏನಾಗುತ್ತದೆ, ಪಾಕ ಹದಕ್ಕೆ ಬಂತೆಂದು ನೀರಿಗೆ ಹಾಕಿ ನೋಡುವುದು, ಅಚ್ಚಿಗೆ ಸುರಿಯುವುದು ಎಲ್ಲವನ್ನೂ ಒಂದಾದ ಮೇಲೊಂದರಂತೆ, ಒಂದು ಹಂತವನ್ನೂ ಹಿಂದುಮುಂದು ಮಾಡದೆ ಹೇಳಿದ. ನಡುವೆ ‘ಇಲ್ಲಿ ಕೈ ತಪ್ಪಿದರೆ ಇಡೀ ಕೊಪ್ಪರಿಗೆ ಹೋಯಿತು, ಸಾರ್’ ಎಂದು ಎಚ್ಚರಿಕೆಯನ್ನೂ ಸೇರಿಸಿದ. ಅದನ್ನೇ ಈಗ ಇಂಗ್ಲಿಷಿನಲ್ಲಿ ಐದು ವಾಕ್ಯಗಳಲ್ಲಿ ಹೇಳು ಎಂದಾಗ ವ್ಯಾಕರಣ ಅಲ್ಲಲ್ಲಿ ಮುರಿದರೂ ಕೇಳುವವರಿಗೆ ವಿಷಯ ಪೂರ್ತಿ ತಲುಪಿತು.

ಕೇಳುವವನಿಗೆ ಏನು ಗೊತ್ತಿಲ್ಲ ಎಂದು ಊಹಿಸುವುದು, ವಿಷಯವನ್ನು ಅನುಕ್ರಮದಲ್ಲಿಡುವುದು, ಮುಖ್ಯವಾದ ಜಾಗದಲ್ಲಿ ಒತ್ತಿ ಹೇಳುವುದು: ಉದ್ಯೋಗದಲ್ಲಿ ಬೇಕಾದ ಸಂವಹನವೆಂದರೆ ಬಹುಪಾಲು ಇದೇ. ಇದು ಆ ಹುಡುಗನಲ್ಲಿ ಇತ್ತು. ಮೂರು ವರ್ಷದ ಪದವಿಯಲ್ಲಿ ಅವನ ಬಾಯಿಂದ ಅದನ್ನು ಹೊರಡಿಸಿದವರು ಇರಲಿಲ್ಲ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಗಳಿಗಾಗಲಿ, ನಂಜನಗೂಡಿನ ಕಾರ್ಖಾನೆಗಳ ಕಚೇರಿಗಳಿಗಾಗಲಿ ಇಂಗ್ಲಿಷ್ ಇಲ್ಲದೆ ಪ್ರವೇಶ ಕಷ್ಟ. ಆದರೆ ತನ್ನ ಭಾಷೆಯಲ್ಲೇ ಒಂದು ವಿಷಯವನ್ನು ಜೋಡಿಸಿ ಹೇಳುವ ಅಭ್ಯಾಸವಿಲ್ಲದವನಿಗೆ ಇಂಗ್ಲಿಷ್ ಕಲಿಸಿದರೆ, ಅವನು ಎರಡು ಭಾಷೆಗಳಲ್ಲಿ ತಡವರಿಸುತ್ತಾನೆ, ಅಷ್ಟೇ. ಮೇಲಾಗಿ ಕನ್ನಡದಲ್ಲಿ ಚೆನ್ನಾಗಿ ಮಾತನಾಡುವುದು ಕೂಡ ನೇರವಾಗಿ ಉದ್ಯೋಗಕ್ಕೆ ದಾರಿಯಾಗಬಲ್ಲದು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳ ಪೈಕಿ ವ್ಯಕ್ತಿತ್ವ ಪರೀಕ್ಷೆಗೆ, ಅಂದರೆ ಸಂದರ್ಶನಕ್ಕೆ, 275 ಅಂಕಗಳಿದ್ದು, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಇದನ್ನು ನಮ್ಮ ಎಷ್ಟು ಕಾಲೇಜುಗಳ ಉದ್ಯೋಗ ಮಾರ್ಗದರ್ಶನ ಘಟಕಗಳು ಮಕ್ಕಳಿಗೆ ತಿಳಿಸಿವೆಯೋ ಕಾಣೆ.

ಇನ್ನೊಬ್ಬ ವಿದ್ಯಾರ್ಥಿನಿ ತನಗೆ ‘ಲೀಡರ್‌ಶಿಪ್ ಕ್ವಾಲಿಟಿ’ ಇದೆ ಎಂದಳು. ಹೇಗೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಕೆದಕಿ ಕೇಳಿದಾಗ, ಎನ್‌ಎಸ್‌ಎಸ್‌ನ ಏಳು ದಿನಗಳ ವಿಶೇಷ ಶಿಬಿರದಲ್ಲಿ ಅಡುಗೆಯ ದಿನಸಿ ಲೆಕ್ಕವೆಲ್ಲ ಅವಳದೇ ಆಗಿತ್ತೆಂದೂ, ಮೂರನೆಯ ದಿನ ಅಕ್ಕಿ ಸಾಲದೆ ಬಂದಾಗ ಊರಿನ ಹಾಲಿನ ಡೇರಿಯ ಕಾರ್ಯದರ್ಶಿಯ ಹತ್ತಿರ ಹೋಗಿ ಮಾತನಾಡಿ ಹೊಂದಿಸಿದವಳು ಅವಳೇ ಎಂದೂ ಗೊತ್ತಾಯಿತು. ಸಂದರ್ಭ ಏನಿತ್ತು, ನಿನ್ನ ಪಾಲಿಗೆ ಬಂದ ಕೆಲಸ ಯಾವುದು, ನೀನು ಏನು ಮಾಡಿದೆ, ಅದರಿಂದ ಏನಾಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಂಡು ಬಂದರೆ ಸಾಕು, ಎಷ್ಟೋ ಸಂದರ್ಶನಗಳನ್ನು ದಾಟಬಹುದು. ದೊಡ್ಡ ಕಂಪನಿಗಳಲ್ಲಿ ನೇಮಕಾತಿ ಮಾಡುವವರು ಕೇಳಲು ಬಯಸುವುದೂ ಇದೇ ಕ್ರಮದಲ್ಲಿ. ಗುಣವಾಚಕಗಳ ಪಟ್ಟಿಯನ್ನು ಯಾರೂ ನಂಬುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಹಿರಿಯರ ಎದುರು ಮಾತು ಕಡಿಮೆ ಇರಲಿ ಎಂದು ಮನೆಯಲ್ಲಿ ಕೇಳಿಸಿಕೊಂಡೇ ಬೆಳೆದವರು ತಾವು ಮಾಡಿದ ಕೆಲಸವನ್ನು ಹೇಳಿಕೊಳ್ಳುವುದು ಜಂಬವೆಂದು ಭಾವಿಸಿರುತ್ತಾರೆ.

ಕೆಲಸ ಸಿಕ್ಕ ಮೇಲಿನ ಮಾತೂ ಇದೆ. ಸಂವಹನ ತರಬೇತಿ ಎಂದರೆ ಸಂದರ್ಶನ ದಾಟುವ ತರಬೇತಿ ಎಂದು ತಿಳಿದಿರುವುದರಿಂದ ಆಗುವ ನಷ್ಟವನ್ನು ನಾನು ಬ್ಯಾಂಕಿನ ಕೌಂಟರಿನಲ್ಲಿ ನೋಡಿದ್ದೇನೆ. ನಾನು ಸೇವೆಯಲ್ಲಿದ್ದಾಗ ಕಿಸಾನ್ ಕ್ರೆಡಿಟ್ ಕಾರ್ಡಿನಡಿ 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಶೇ 7ರ ಬಡ್ಡಿ. ವಾಯಿದೆಯೊಳಗೆ ತೀರಿಸಿದರೆ ಶೇ 3ರ ರಿಯಾಯಿತಿ ದೊರೆತು ರೈತನಿಗೆ ಬೀಳುವುದು ಶೇ 4 ಮಾತ್ರ. ಹೊಸದಾಗಿ ಬಂದ ಅಧಿಕಾರಿಗಳಲ್ಲಿ ಹಲವರು ಯೋಜನೆಯ ಹೆಸರು, ಸುತ್ತೋಲೆಯ ದಿನಾಂಕ, ರಿಯಾಯಿತಿಯ ಷರತ್ತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ರೈತ ತಲೆಯಾಡಿಸಿ ಹೋಗುತ್ತಿದ್ದ, ವಾಯಿದೆ ಮೀರಿದ ಮೇಲೆ ಬಂದು ಜಗಳವಾಡುತ್ತಿದ್ದ. ಅವರ ನಡುವೆ ಒಬ್ಬ ಹುಡುಗಿ ಮಾತ್ರ ಮೊದಲು ತಾನೇ ಪ್ರಶ್ನೆ ಕೇಳುತ್ತಿದ್ದಳು: ‘ಕಬ್ಬು ಯಾವಾಗ ಕಡಿಸ್ತೀರಿ? ಫ್ಯಾಕ್ಟರಿ ದುಡ್ಡು ಕೈಗೆ ಬರೋದು ಯಾವಾಗ?’ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಮಂಡ್ಯದ ರೈತನ ಲೆಕ್ಕ ಆ ದಿನಾಂಕವನ್ನು ನಂಬಿ ನಡೆಯುವುದಿಲ್ಲವೆಂಬುದು ಅವಳಿಗೆ ತಿಳಿದಿತ್ತು. ಅವನ ಉತ್ತರ ಕೇಳಿಕೊಂಡು, ಪಾಸ್ ಪುಸ್ತಕದ ಹಿಂಬದಿಗೆ ವಾಯಿದೆ ದಿನಾಂಕವನ್ನು ದೊಡ್ಡದಾಗಿ ಬರೆದು, ‘ಈ ದಿನದೊಳಗೆ ಕಟ್ಟಿದರೆ ನೂರಕ್ಕೆ ನಾಲ್ಕು, ಒಂದು ದಿನ ದಾಟಿದರೂ ಏಳು’ ಎಂದು ಹೇಳಿ, ಅದನ್ನು ಅವನ ಬಾಯಿಂದ ಮತ್ತೊಮ್ಮೆ ಹೇಳಿಸುತ್ತಿದ್ದಳು. ಆಕೆಯ ಕೌಂಟರಿನಲ್ಲಿ ಜಗಳಗಳು ವಿರಳ. ಕೇಳಿಸಿಕೊಳ್ಳುವುದು ಸಂವಹನದ ಅರ್ಧ ಭಾಗ ಎಂದು ಎಲ್ಲ ಕಾರ್ಯಾಗಾರಗಳಲ್ಲೂ ಹೇಳುತ್ತಾರೆ. ಅದನ್ನು ಅಭ್ಯಾಸ ಮಾಡಿಸುವ ಕಾರ್ಯಾಗಾರವನ್ನು ನಾನು ಇನ್ನೂ ನೋಡಬೇಕಿದೆ.

ಈ ವಿಷಯದಲ್ಲಿ ವೈದ್ಯಕೀಯ ಶಿಕ್ಷಣ ಉಳಿದವರಿಗಿಂತ ಒಂದು ಹೆಜ್ಜೆ ಮುಂದಿದೆ. 2019ರಲ್ಲಿ ಸೇರಿದ ಎಂಬಿಬಿಎಸ್ ತಂಡದಿಂದ ದೇಶದಾದ್ಯಂತ ಜಾರಿಗೆ ಬಂದ ಪಠ್ಯಕ್ರಮದಲ್ಲಿ ವೈದ್ಯರ ಮನೋಭಾವ, ನೀತಿ ಮತ್ತು ಸಂವಹನಕ್ಕೆಂದೇ ‘ಏಟ್‌ಕಾಮ್’ ಎಂಬ ಪ್ರತ್ಯೇಕ ಭಾಗವಿದೆ. ಆರಂಭದ ಪೂರ್ವಸಿದ್ಧತಾ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಯನ್ನೂ ಸೇರಿಸಲಾಗಿದೆ. ರೋಗಿಗೆ ಕೆಟ್ಟ ಸುದ್ದಿಯನ್ನು ಹೇಗೆ ತಿಳಿಸಬೇಕು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ಏನನ್ನು ವಿವರಿಸಬೇಕು ಎಂಬುದು ಆ ವೃತ್ತಿಯ ಕೆಲಸದ ಭಾಗವೇ ಎಂದು ಒಪ್ಪಿಕೊಂಡಂತಾಯಿತು. ಆಚರಣೆ ಎಲ್ಲೆಡೆ ಒಂದೇ ಸಮನಾಗಿಲ್ಲದಿರಬಹುದು, ತತ್ವ ಸರಿಯಾಗಿದೆ. ಲೆಕ್ಕಪತ್ರ ಬಲ್ಲವನಿಗೆ, ಮಣ್ಣು ಪರೀಕ್ಷೆ ಮಾಡುವವನಿಗೆ, ಕಾನೂನು ಓದಿದವನಿಗೆ ಮಾತ್ರ ಇದು ಯಾಕೆ ಬೇಡ? ಮಂಡ್ಯದ ವಿ.ಸಿ. ಫಾರಂನಂಥ ಕೃಷಿ ಕಾಲೇಜುಗಳ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಹಳ್ಳಿಗಳಲ್ಲಿ ವಾಸವಿದ್ದು ಗ್ರಾಮೀಣ ಕೃಷಿ ಕಾರ್ಯಾನುಭವ ಪಡೆಯುತ್ತಾರೆ. ರೈತರ ಜಗಲಿಯಲ್ಲಿ ಕೂತು ಮಾತನಾಡಿ ಬಂದ ಆ ಮಕ್ಕಳನ್ನು ಸಂದರ್ಶನದಲ್ಲಿ ಗುರುತಿಸುವುದು ಸುಲಭ.

ಬರವಣಿಗೆಯ ಸ್ಥಿತಿಯೂ ಉತ್ತಮವಾಗಿಲ್ಲ. ಉದ್ಯೋಗ ಕೋರಿ ಬರುವ ಇ–ಮೇಲ್‌ಗಳಲ್ಲಿ ವಿಷಯದ ಸಾಲು ಖಾಲಿ, ಒಳಗೆ ‘ಸರ್, ಪ್ಲೀಸ್ ಫೈಂಡ್’ ಎಂಬ ಒಂದೇ ಸಾಲು, ಲಗತ್ತಿಸಿದ ಕಡತಕ್ಕೆ ‘ನ್ಯೂ ಡಾಕ್ಯುಮೆಂಟ್ 3’ ಎಂಬ ಹೆಸರು. ಯಾವ ಹುದ್ದೆಗೆ, ಯಾರು, ಯಾಕೆ ಅರ್ಜಿ ಹಾಕುತ್ತಿದ್ದಾರೆಂದು ತಿಳಿಯಬೇಕಾದರೆ ಎಲ್ಲವನ್ನೂ ತೆರೆದು ಓದಬೇಕು. ನೂರಾರು ಅರ್ಜಿಗಳ ನಡುವೆ ಯಾರಿಗೂ ಅಷ್ಟು ಪುರುಸೊತ್ತಿರುವುದಿಲ್ಲ. ಈಚೆಗೆ ಚಾಟ್‌ಜಿಪಿಟಿಯಿಂದ ಬರೆಸಿದ ಅರ್ಜಿಗಳು ಬರತೊಡಗಿವೆ. ಅವು ತಪ್ಪಿಲ್ಲದೆ ಇರುತ್ತವೆ, ಎಲ್ಲವೂ ಒಂದೇ ಥರ ಇರುತ್ತವೆ, ಮತ್ತು ಅದರಲ್ಲಿರುವ ಎರಡನೆಯ ವಾಕ್ಯದ ಅರ್ಥವೇನೆಂದು ಎದುರಿಗೆ ಕೂರಿಸಿ ಕೇಳಿದಾಗ ಅರ್ಜಿದಾರರು ಮೇಲೆ ಕೆಳಗೆ ನೋಡುತ್ತಾರೆ.

ಮೈಸೂರಿನಂಥ ಊರಿನ ಆಸುಪಾಸಿನಲ್ಲಿ ಇದೆಲ್ಲ ನಡೆಯುತ್ತಿರುವುದು ಸೋಜಿಗ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದದ್ದು ಈ ಊರಿನಲ್ಲಿ. ಶಿಕ್ಷಕರನ್ನು ತಯಾರು ಮಾಡುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ, ಭಾರತೀಯ ಭಾಷಾ ಸಂಸ್ಥಾನ 1969ರಿಂದ, ಬಿ.ವಿ. ಕಾರಂತರು ಕಟ್ಟಿದ ರಂಗಾಯಣ 1989ರಿಂದ ಇಲ್ಲಿವೆ. ಮಾತಿನ ದೋಷಗಳಿಗೆ ಚಿಕಿತ್ಸೆ ನೀಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಉಗ್ಗುವ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿದ್ದರೆ ಅವನನ್ನು ಕೊನೆಯ ಬೆಂಚಿಗೆ ಬಿಟ್ಟು ‘ನೀನು ಬೇಡ ಬಿಡಪ್ಪ’ ಎನ್ನುವ ಬದಲು ಅಲ್ಲಿಗೆ ಕಳುಹಿಸಬಹುದೆಂಬ ಅರಿವು ಮಂಡ್ಯ, ಮೈಸೂರಿನ ಅಧ್ಯಾಪಕರಿಗಾದರೂ ಇರಬೇಕು. ರಂಗಾಯಣದ ಚಿಣ್ಣರ ಮೇಳಕ್ಕೆ ಹೋಗಿ ಬಂದ ಮಕ್ಕಳ ದನಿ, ನಿಲುವು ಬದಲಾಗುವುದನ್ನು ಪೋಷಕರು ಮೆಚ್ಚಿಕೊಳ್ಳುತ್ತಾರೆ. ಅದೇ ಮಕ್ಕಳು ಪದವಿಗೆ ಬರುವ ವೇಳೆಗೆ ನಾಟಕ ಎಂದರೆ ಓದಿಗೆ ಅಡ್ಡಿ ಎನ್ನುವವರೂ ಅದೇ ಪೋಷಕರು. ಇಷ್ಟು ಸಂಸ್ಥೆಗಳಿರುವಾಗ ಕಾಲೇಜುಗಳು ದೂರದ ಖಾಸಗಿ ತರಬೇತುದಾರರಿಗೆ ದುಡ್ಡು ಕೊಟ್ಟು ಟೈ ಕಟ್ಟುವುದನ್ನು ಕಲಿಯುತ್ತಿವೆ.

ತರಗತಿಗಳಲ್ಲಿ ಮಕ್ಕಳು ಹೆಚ್ಚು, ಪಠ್ಯ ಮುಗಿಯುವುದಿಲ್ಲ, ಪಾಠ ಮಾಡುವವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು ಎಂಬ ಉತ್ತರ ಬರುತ್ತದೆಂದು ಬಲ್ಲೆ. ಮೂರೂ ನಿಜ. ಹಾಗಿದ್ದರೂ ಬ್ಯಾಂಕಿನಲ್ಲಿ ಕಲಿತ ಅಭ್ಯಾಸದಂತೆ ಲೆಕ್ಕ ಹಾಕಿ ನೋಡಿದೆ. 60 ವಿದ್ಯಾರ್ಥಿಗಳ ತರಗತಿಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ ಮಾತು, ಒಂದು ನಿಮಿಷ ತಿದ್ದುಪಡಿ ಎಂದರೆ 240 ನಿಮಿಷ, ಅಂದರೆ ನಾಲ್ಕು ಗಂಟೆ. ಭಾಷಾ ಪತ್ರಿಕೆಗೆ ವಾರಕ್ಕೆ ಸಿಗುವ ತರಗತಿಗಳಲ್ಲಿ ಒಂದನ್ನು ಇದಕ್ಕೆ ಮೀಸಲಿಟ್ಟರೆ ನಾಲ್ಕು ವಾರಗಳಲ್ಲಿ ಇಡೀ ತರಗತಿ ಒಂದು ಸುತ್ತು ಮಾತನಾಡಿರುತ್ತದೆ. 16 ವಾರಗಳ ಸೆಮಿಸ್ಟರಿನಲ್ಲಿ ನಾಲ್ಕು ಸುತ್ತು, ನಾಲ್ಕು ಸೆಮಿಸ್ಟರುಗಳಲ್ಲಿ ಹದಿನಾರು. ಹದಿನಾರು ಬಾರಿ ಎದ್ದು ನಿಂತು ಮಾತನಾಡಿ ತಿದ್ದಿಸಿಕೊಂಡ ಹುಡುಗನ ಕಾಲು ಸಂದರ್ಶನದ ದಿನ ಅಷ್ಟಾಗಿ ನಡುಗಲಾರದು. ತರಗತಿಯಲ್ಲಿ ನೂರು ಮಂದಿ ಇದ್ದರೆ ಸುತ್ತುಗಳು ಕಡಿಮೆಯಾಗುತ್ತವೆ, ಇಲ್ಲವಾಗುವುದಿಲ್ಲ.

ಭಾಷಾ ಅಧ್ಯಾಪಕರ ತಲೆಗೇ ಎಲ್ಲವನ್ನೂ ಕಟ್ಟುವುದೂ ಸರಿಯಲ್ಲ. ಅರ್ಥಶಾಸ್ತ್ರದವರು ಕೇಂದ್ರ ಬಜೆಟ್ಟಿನ ಒಂದು ಅಂಶವನ್ನು ಕಿರಾಣಿ ಅಂಗಡಿಯವನಿಗೆ ಅರ್ಥವಾಗುವಂತೆ ಎರಡು ನಿಮಿಷದಲ್ಲಿ ಹೇಳಿಸಲಿ. ರಸಾಯನಶಾಸ್ತ್ರದವರು ಮಣ್ಣು ಆರೋಗ್ಯ ಚೀಟಿಯೊಂದನ್ನು ಕೊಟ್ಟು, ಇದನ್ನು ನಿಮ್ಮ ತಂದೆಗೆ ವಿವರಿಸಿ ಎನ್ನಲಿ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಊರಿನ ಗ್ರಾಮಸಭೆಗೆ ಹೋಗಿ ಕೂತು, ಯಾರು ಏನು ಕೇಳಿದರು, ಏನು ತೀರ್ಮಾನವಾಯಿತು, ಏನು ಮುಂದಕ್ಕೆ ಹೋಯಿತು ಎಂಬುದನ್ನು ಒಂದೇ ಪುಟದಲ್ಲಿ ಬರೆದು ತರಲಿ. ಎರಡು ಗಂಟೆಯ ಗದ್ದಲವನ್ನು ಒಂದು ಪುಟಕ್ಕೆ ಇಳಿಸುವುದು ಯಾವ ಕಚೇರಿಯಲ್ಲಾದರೂ ಬೆಲೆ ಬಾಳುವ ಕೆಲಸ. ನನ್ನ ಸೇವಾವಧಿಯಲ್ಲಿ ಸಭೆಯ ನಡಾವಳಿಯನ್ನು ಸರಿಯಾಗಿ ಬರೆಯಬಲ್ಲವರನ್ನು ಎಲ್ಲ ಶಾಖೆಗಳೂ ಹುಡುಕುತ್ತಿದ್ದವು.

ಅಂಕವಿಲ್ಲದೆ ಯಾವುದೂ ನಡೆಯುವುದಿಲ್ಲ ಎಂಬುದು ನಮ್ಮ ವ್ಯವಸ್ಥೆಯ ಸ್ವಭಾವವಾದ್ದರಿಂದ ಒಂದು ಸಲಹೆಯನ್ನು ಸಂಬಂಧಪಟ್ಟವರ ಮುಂದಿಡುತ್ತೇನೆ. 2023–24ರಿಂದ ನಮ್ಮ ಪದವಿಪೂರ್ವ ತರಗತಿಗಳಲ್ಲಿ ಪ್ರಾಯೋಗಿಕ ಪರೀಕ್ಷೆಯಿಲ್ಲದ ವಿಷಯಗಳಿಗೂ 20 ಆಂತರಿಕ ಅಂಕಗಳನ್ನು ನೀಡಲಾಗುತ್ತಿದೆ. ಇದರಲ್ಲಿ ಅರ್ಧವನ್ನು, ಅಂದರೆ 10 ಅಂಕಗಳನ್ನು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಮಾತಿಗೆ ಮೀಸಲಿಡಬಹುದು. ಪದವಿ ಕಾಲೇಜುಗಳ ಆಂತರಿಕ ಅಂಕಗಳಿಗೂ ಇದು ಅನ್ವಯಿಸಬಹುದು. ಆದರೆ ಒಂದು ಷರತ್ತಿದೆ. ಈಗ ಆಂತರಿಕ ಅಂಕಗಳು ಬಹುತೇಕ ಎಲ್ಲರಿಗೂ ಪೂರ್ತಿಯಾಗಿ ಸಿಗುತ್ತವೆ ಎಂಬುದು ಗುಟ್ಟೇನಲ್ಲ. ಮಾತಿನ ಅಂಕಗಳೂ ಅದೇ ದಾರಿ ಹಿಡಿದರೆ ಮಕ್ಕಳು ಮಾತನಾಡದೆಯೇ ಹತ್ತಕ್ಕೆ ಹತ್ತು ಪಡೆಯುತ್ತಾರೆ. ಆದ್ದರಿಂದ ಮೌಲ್ಯಮಾಪನಕ್ಕೆ ಪಕ್ಕದ ಕಾಲೇಜಿನ ಒಬ್ಬ ಅಧ್ಯಾಪಕರೂ ಕೂರಬೇಕು, ಉಚ್ಚಾರಣೆಗಿಂತ ವಿಷಯದ ಜೋಡಣೆಗೆ ಹೆಚ್ಚು ಅಂಕವಿರಬೇಕು, ಮತ್ತು ಒಂದು ಪ್ರಶ್ನೆಯಾದರೂ ಕೇಳಿ ವಿದ್ಯಾರ್ಥಿ ಅದನ್ನು ಕೇಳಿಸಿಕೊಂಡು ಉತ್ತರಿಸಿದನೇ ಎಂದು ನೋಡಬೇಕು. ವಿಜ್ಞಾನ ವಿಷಯಗಳ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರನ್ನು ಕಳುಹಿಸುವ ಏರ್ಪಾಡು ನಮ್ಮಲ್ಲಿ ಮೊದಲಿಂದಲೂ ಇರುವುದರಿಂದ ಇದಕ್ಕಾಗಿ ಹೊಸ ವ್ಯವಸ್ಥೆಯನ್ನೇನೂ ಕಟ್ಟಬೇಕಾಗಿಲ್ಲ.

ಹೊರಗೆ ಕೂತು ಪ್ರಶ್ನೆ ಕೇಳುವವನಿಗೆ ಕಾಣುವುದಕ್ಕೂ ವಾರಕ್ಕೆ ಹದಿನಾರು ಗಂಟೆ ತರಗತಿಯಲ್ಲಿ ನಿಲ್ಲುವವರಿಗೆ ಕಾಣುವುದಕ್ಕೂ ವ್ಯತ್ಯಾಸವಿರುತ್ತದೆ. ನನ್ನ ಲೆಕ್ಕದಲ್ಲಿ ಎಲ್ಲಿ ಹೊಂದುವುದಿಲ್ಲ ಎಂಬುದನ್ನು, ವಿಶೇಷವಾಗಿ ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅಧ್ಯಾಪಕರು ಇದೇ ಅಂಕಣದಲ್ಲಿ ಬರೆದರೆ, ಮುಂದಿನ ಸೆಮಿಸ್ಟರ್ ಆರಂಭಕ್ಕೆ ಮುನ್ನ ಪ್ರಾಂಶುಪಾಲರ ಸಭೆಗಳಲ್ಲಿ ಚರ್ಚಿಸಲು ಗಟ್ಟಿಯಾದ ವಿಷಯ ಸಿಕ್ಕೀತು.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ
ಮಂಡ್ಯ